20% ಕೊಟ್ಟ ಷೇರಿಗಿಂತ 15% ಕೊಟ್ಟ ಷೇರೇ ವಾಸಿ ಆಗಿರಬಹುದಾ?

ಪ್ರಶ್ನೆ: ನಾಲ್ಕು ವರ್ಷದಲ್ಲಿ ನನ್ನ ಷೇರು ಸರಾಸರಿ 15% ಕೊಟ್ಟಿದೆ. ಆಫೀಸಿನಲ್ಲಿ ಪಕ್ಕದ ಸೀಟಿನವರ ಷೇರು 20% ಕೊಟ್ಟಿದೆಯಂತೆ. ದಿನಾ ಊಟದ ಹೊತ್ತಿಗೆ ಇದನ್ನೇ ಹೇಳಿ ಹೊಟ್ಟೆ ಉರಿಸುತ್ತಾರೆ. ನನ್ನದನ್ನು ಮಾರಿ ಅವರದನ್ನೇ ಕೊಳ್ಳಲಾ? (ಕೋರಮಂಗಲದ ಓದುಗರು)

ಸರಾಸರಿ ಕೇಳಿ ಸುಮ್ಮನಾಗಬೇಡಿ, ಒಂದೊಂದು ವರ್ಷದ ಅಂಕಿ ಕೇಳಿ. ನೀವು ಅದನ್ನು ಬರೆದಿಲ್ಲ, ಹಾಗಾಗಿ ನಾನೇ ಒಂದು ಲೆಕ್ಕ ಕಟ್ಟುತ್ತೇನೆ. ನಿಮ್ಮ ಷೇರು ನಾಲ್ಕು ವರ್ಷ 25, 5, 20, 10 ಪರ್ಸೆಂಟ್ ಏರಿತು ಅಂದುಕೊಳ್ಳಿ. ಸರಾಸರಿ 15. ಅವರದು ಮೊದಲ ವರ್ಷ 70 ಏರಿತು, ಮರುವರ್ಷ 30 ಇಳಿಯಿತು, ಆಮೇಲೆ 60 ಏರಿ ಕೊನೆಗೆ 20 ಇಳಿಯಿತು. ಸರಾಸರಿ 20. ಅವರು ಸುಳ್ಳೇನೂ ಹೇಳುತ್ತಿಲ್ಲ.

ಈಗ ಇಬ್ಬರೂ ಒಂದೊಂದು ಲಕ್ಷ ಹಾಕಿದ್ದಿರಿ ಅನ್ನೋಣ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. ನಿಮ್ಮ ಲಕ್ಷ 1,73,250 ರೂಪಾಯಿ ಆಗಿದೆ. ಅವರದು 1,70,000ಕ್ಕೆ ಹೋಗಿ, 1,19,000ಕ್ಕೆ ಬಿದ್ದು, 1,90,400ಕ್ಕೆ ಹಾರಿ, ಕೊನೆಗೆ 1,52,320ಕ್ಕೆ ನಿಂತಿದೆ. ಸರಾಸರಿಯಲ್ಲಿ ಗೆದ್ದವರು ದುಡ್ಡಿನಲ್ಲಿ 20,930 ರೂಪಾಯಿ ಹಿಂದೆ! ಬಿದ್ದದ್ದನ್ನು ತುಂಬಿಕೊಳ್ಳೋದು ಅಷ್ಟು ಸುಲಭ ಅಲ್ಲ. ಅರ್ಧಕ್ಕೆ ಇಳಿದ ಷೇರು ಮೊದಲಿನ ಬೆಲೆಗೆ ಬರಬೇಕಾದರೆ 100% ಏರಬೇಕು, ಅಲ್ವಾ?

ಈ ಕುಲುಕಾಟವನ್ನೂ ಲೆಕ್ಕಕ್ಕೆ ಸೇರಿಸುವ ಅಳತೆಯೇ ಶಾರ್ಪ್ ರೇಷಿಯೋ. ಚೂಪು ಅನ್ನುವ ಅರ್ಥದ ಶಾರ್ಪ್ ಅಲ್ಲ, ಮನುಷ್ಯನ ಹೆಸರು. ಅಮೆರಿಕದ ವಿಲಿಯಂ ಶಾರ್ಪ್ ಇದನ್ನು 1966ರಲ್ಲಿ ಮುಂದಿಟ್ಟರು. 1990ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಕೂಡ ಬಂತು.

ಲೆಕ್ಕ ಕಷ್ಟದ್ದಲ್ಲ. ರಿಸ್ಕ್ ಇಲ್ಲದೆಯೇ ಸಿಗುತ್ತಿದ್ದ ಬಡ್ಡಿಯನ್ನು ಮೊದಲು ಕಳೆಯಬೇಕು. ಪುಸ್ತಕದ ಪ್ರಕಾರ ಇದಕ್ಕೆ ಸರ್ಕಾರದ ಟ್ರೆಷರಿ ಬಿಲ್ ಬಡ್ಡಿ ಹಿಡಿಯುತ್ತಾರೆ. ನಮಗೆ ಎಫ್‌ಡಿ ಹಿಡಿದರೂ ಸಾಕು. ಗಾಂಧಿ ಬಜಾರಿನ ಯಾವುದೋ ಬ್ಯಾಂಕಿನಲ್ಲಿ ದುಡ್ಡಿಟ್ಟು, ದೋಸೆ ತಿಂದು ಮನೆಗೆ ಹೋಗಿದ್ದರೂ 6.5% ಬರುತ್ತಿತ್ತು ಅಂದುಕೊಳ್ಳಿ. ಅಷ್ಟಕ್ಕೆ ಷೇರಿನ ಜಾಣತನ ಏನೂ ಬೇಕಿಲ್ಲ. ಅದನ್ನು ಕಳೆದರೆ ನಿಮಗೆ ಉಳಿಯೋದು 8.5, ಅವರಿಗೆ 13.5.

ಇದನ್ನು ಏರಿಳಿತದಿಂದ ಭಾಗಿಸಬೇಕು. ಏರಿಳಿತ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸರಾಸರಿಯಿಂದ ಅಂಕಿಗಳು ಎಷ್ಟು ಚದುರಿವೆ ಅನ್ನುವ ಅಳತೆ. ಎಕ್ಸೆಲ್ ಅದನ್ನು ಒಂದೇ ಏಟಿಗೆ ಕೊಡುತ್ತದೆ. ನಿಮ್ಮದು 9.1, ಅವರದು 52.3. ಭಾಗಿಸಿದರೆ ನಿಮ್ಮ ಶಾರ್ಪ್ 0.93, ಅವರದು 0.26. ಸಹಿಸಿಕೊಂಡ ಒಂದೊಂದು ಕುಲುಕಿಗೂ ಅವರಿಗಿಂತ ಮೂರೂವರೆ ಪಟ್ಟು ಜಾಸ್ತಿ ಕೂಲಿ ನಿಮಗೆ ಸಿಕ್ಕಿದೆ.

ನಿಜವಾಗಿ ಲೆಕ್ಕ ಹಾಕುವಾಗ ನಾಲ್ಕು ಅಂಕಿ ಸಾಲದು. ಮೂರು ವರ್ಷದ 36 ತಿಂಗಳ ರಿಟರ್ನ್ಸ್ ತಗೊಳ್ಳಿ. ತಿಂಗಳ ಏರಿಳಿತವನ್ನು 3.46ರಿಂದ, ಅಂದರೆ 12ರ ವರ್ಗಮೂಲದಿಂದ ಗುಣಿಸಿದರೆ ವರ್ಷದ ಏರಿಳಿತ. ಮ್ಯೂಚುವಲ್ ಫಂಡ್ ಆದರೆ ಈ ಕೆಲಸವೂ ಇಲ್ಲ, ಫಂಡ್ ಕಂಪನಿ ಹೊರಡಿಸುವ ಮಾಹಿತಿ ಪತ್ರದಲ್ಲೇ, ಅಂದರೆ ಫ್ಯಾಕ್ಟ್‌ಶೀಟಿನಲ್ಲೇ, ಶಾರ್ಪ್ ಅಚ್ಚಾಗಿರುತ್ತದೆ.

ಶಾರ್ಪ್‌ಗೆ ಒಂದು ವಿಚಿತ್ರ ಗುಣ ಇದೆ. ಷೇರು ಧಡಕ್ಕನೆ ಮೇಲೆ ಹಾರಿದರೂ ಅದು ರಿಸ್ಕ್ ಅಂತಲೇ ಹಿಡಿಯುತ್ತದೆ. ಮೇಲೆ ಹೋದದ್ದಕ್ಕೆ ಯಾರಾದರೂ ನಿದ್ದೆಗೆಡುತ್ತಾರಾ? ಅದಕ್ಕೇ ಸಾರ್ಟಿನೋ ರೇಷಿಯೋ ಅಂತ ಇನ್ನೊಂದು ಬಂತು, ಅದು ಇಳಿತವನ್ನು ಮಾತ್ರ ಎಣಿಸುತ್ತದೆ. ಹತ್ತಾರು ಷೇರು ಹಂಚಿ ಇಟ್ಟವರು ಬೀಟಾದಿಂದ, ಅಂದರೆ ಇಡೀ ಮಾರುಕಟ್ಟೆ ಕುಲುಕಿದಾಗ ನಿಮ್ಮದು ಎಷ್ಟು ಕುಲುಕುತ್ತದೆ ಅನ್ನುವ ಅಳತೆಯಿಂದ, ಭಾಗಿಸುವ ಟ್ರೇನರ್ ರೇಷಿಯೋ ನೋಡಬಹುದು. ಒಂದೇ ಷೇರು ಹಿಡಿದು ಕೂತಿರುವ ನಿಮಗೆ ಅದು ಬೇಡ.

ಆದರೆ ನನಗೆ ಏಟು ಕೊಟ್ಟದ್ದು ಬೇರೆಯೇ ತೊಂದರೆ. ಒಮ್ಮೆ ಸಣ್ಣ ಕಂಪನಿಯೊಂದರ ಷೇರು ಸಿಕ್ಕಿತು. ದಿನಾ 5% ಏರಿ ಅಪ್ಪರ್ ಸರ್ಕ್ಯೂಟಿಗೆ, ಅಂದರೆ ಆ ದಿನ ಅದಕ್ಕಿಂತ ಮೇಲೆ ಏರಬಾರದು ಅನ್ನುವ ಮಿತಿಗೆ, ನಿಲ್ಲುತ್ತಿತ್ತು. ಚಾರ್ಟ್ ಮೆಟ್ಟಿಲು ಕಟ್ಟಿದ ಹಾಗೆ ಅಚ್ಚುಕಟ್ಟು. ದಿನಾ ಅಷ್ಟಷ್ಟೇ ಏರುವ ಷೇರಿಗೆ ಏರಿಳಿತವೇ ಇರುವುದಿಲ್ಲವಲ್ಲ, ಶಾರ್ಪ್ ಲೆಕ್ಕ ಹಾಕಿದರೆ ಕಣ್ಣು ಕುಕ್ಕುವಷ್ಟು ಬಂತು. ಕೊಂಡೆ. ವಾರ ಕಳೆಯುವುದರೊಳಗೆ ಲೋವರ್ ಸರ್ಕ್ಯೂಟ್ ಶುರು, ಅಂದರೆ ದಿನಾ ಇಳಿತದ ಮಿತಿಗೆ ಬಿದ್ದು ನಿಲ್ಲತೊಡಗಿತು. ಬೆಳಗ್ಗೆ 9ಕ್ಕೆ ಮಾರಾಟದ ಆರ್ಡರ್ ಹಾಕುತ್ತಿದ್ದೆ. ಪರದೆಯ ಒಂದು ಕಡೆ ಮಾರುವವರ ಉದ್ದ ಸಾಲು, ಕೊಳ್ಳುವವರ ಕಡೆ ಸೊನ್ನೆ. ಕಾಫಿ ಮೇಲೆ ಕೆನೆ ಕಟ್ಟುವ ತನಕ ಆ ಸೊನ್ನೆಯನ್ನೇ ನೋಡುತ್ತಾ ಕೂತಿರುತ್ತಿದ್ದೆ. ಹನ್ನೊಂದನೇ ದಿನ ಮಾರಾಟ ಆಯಿತು. ಕೊಂಡ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೈಗೆ ಬಂತು. ಮಾರೋಕೇ ಆಗದ ರಿಸ್ಕ್ ಯಾವ ರೇಷಿಯೋದಲ್ಲೂ ಕಂಡಿರಲಿಲ್ಲ.

ಹಾಗಾಗಿ 20% ಅನ್ನುವ ಒಂದೇ ಕಾರಣಕ್ಕೆ ನಿಮ್ಮದನ್ನು ಮಾರಬೇಡಿ. ನಾಳೆ ಊಟದ ಹೊತ್ತಿಗೆ ಅವರನ್ನು ಎರಡು ಪ್ರಶ್ನೆ ಕೇಳಿ: ಹಾಕಿದ ಲಕ್ಷ ಇವತ್ತು ಎಷ್ಟಾಗಿದೆ? ಆ ಕಂಪನಿಯ ಎಷ್ಟು ಷೇರು ದಿನಕ್ಕೆ ಕೈ ಬದಲಾಗುತ್ತವೆ, ಅಂದರೆ ಬೇಕೆಂದಾಗ ಮಾರೋಕೆ ಆಗುತ್ತದಾ?