ಹೋಮ್‌ಬ್ರೂಗೆ ಯಾವ ಫ್ಲ್ಯಾಶ್ ಕಾರ್ಟ್? ಒಳಗಿರೋ ಮೆಮೊರಿ ನೋಡಿ ಹೇಳ್ಬೇಕು

ಸ್ವಂತವಾಗಿ ಬರೆದ ಗೇಮ್ (ಇದಕ್ಕೇ ಹೋಮ್‌ಬ್ರೂ ಅಂತಾರೆ) ಒಂದನ್ನ ನಿಜವಾದ ಗೇಮ್ ಬಾಯ್ ಮೇಲೋ ನಿಂಟೆಂಡೊ ಡಿಎಸ್ ಮೇಲೋ ಓಡಿಸಿ ನೋಡ್ಬೇಕು ಅನ್ನೋ ಆಸೆ ಬಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ಯಾವ ಫ್ಲ್ಯಾಶ್ ಕಾರ್ಟ್ ತಗೊಳ್ಲಿ ಅಂತ. ಫ್ಲ್ಯಾಶ್ ಕಾರ್ಟ್ ಅಂದ್ರೆ ನಮ್ಮ ಪ್ರೋಗ್ರಾಮನ್ನ ನಾವೇ ತುಂಬಬಹುದಾದ ಕಾರ್ಟ್ರಿಜ್. ಒಂದು ಬ್ರ್ಯಾಂಡ್ ಹೆಸರು ಹೇಳಿ ಕೈ ತೊಳ್ಕೊಬಹುದು. ಆದ್ರೆ ಗೇಮ್ ಬಾಯ್, ಗೇಮ್ ಬಾಯ್ ಅಡ್ವಾನ್ಸ್, ಡಿಎಸ್ ಈ ಮೂರೂ ತಮ್ಮ ಕಾರ್ಟ್ರಿಜ್ ಜೊತೆ ವ್ಯವಹಾರ ಮಾಡೋ ರೀತಿನೇ ಬೇರೆ ಬೇರೆ, ಒಂದರಲ್ಲಿ ಪ್ರಾಣ ಹೋಗೋವಷ್ಟು ಮುಖ್ಯವಾದ ವಿಷಯ ಇನ್ನೊಂದರಲ್ಲಿ ಲೆಕ್ಕಕ್ಕೇ ಬರಲ್ಲ. ಅದು ಅರ್ಥ ಆದ್ರೆ ಯಾವ ಕಾರ್ಟ್ ಅನ್ನೋದನ್ನ ನೀವೇ ನೋಡಿ ಹೇಳ್ತೀರ.

ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಚುಚ್ಚಿದಾಗ ಫೈಲ್ ಮೊದಲು ರ‍್ಯಾಮಿಗೆ ಕಾಪಿ ಆಗತ್ತೆ, ಆಮೇಲೆ ಪ್ರೊಸೆಸರ್ ಅದನ್ನ ಓದತ್ತೆ. 1989ರಲ್ಲಿ ಬಂದ ಗೇಮ್ ಬಾಯ್‌ನಲ್ಲಿ ಹಾಗೆ ಮಾಡೋಕೆ ಜಾಗನೇ ಇಲ್ಲ, ಒಳಗಿರೋ ಕೆಲಸದ ರ‍್ಯಾಮ್ ಬರೀ 8 ಕೆಬಿ. ಹಾಗಾಗಿ ಪ್ರೊಸೆಸರ್ ಕಾರ್ಟ್ರಿಜ್‌ನಲ್ಲಿರೋ ಚಿಪ್ಪಿಂದಲೇ ಒಂದೊಂದೇ ಬೈಟ್ ಓದ್ತಾ ಓಡತ್ತೆ. ಆನ್ ಮಾಡಿದ ಕೂಡ್ಲೇ ಒಳಗಿನ 256 ಬೈಟಿನ ಬೂಟ್ ರೋಮ್ ಎದ್ದು, ಕಾರ್ಟ್ರಿಜ್‌ನಲ್ಲಿರೋ 48 ಬೈಟಿನ ಲೋಗೋ ಚಿತ್ರನ ತನ್ನ ಹತ್ರ ಇರೋ ಪ್ರತಿ ಜೊತೆ ಹೋಲಿಸತ್ತೆ, ಒಂದು ಬೈಟ್ ವ್ಯತ್ಯಾಸ ಇದ್ರೂ ಅಲ್ಲೇ ನಿಂತ್ಕೊಳ್ಳತ್ತೆ, ಸರಿ ಇದ್ರೆ 0100 ಅನ್ನೋ ಹೆಕ್ಸ್ ಅಡ್ರೆಸ್‌ಗೆ ಜಿಗಿಯತ್ತೆ. ಆ ಅಡ್ರೆಸ್ ಇರೋದು ಕಾರ್ಟ್ರಿಜ್ ಒಳಗೆ. ಅಂದ್ರೆ ಆ ಕ್ಷಣದಿಂದ ಕಾರ್ಟ್ರಿಜ್ಜೂ ಮೆಷಿನ್ನಿನ ಒಂದು ಅಂಗ, ಅದರ ಪಿನ್ನುಗಳ ಮೇಲೆ ನಿಮ್ಮ ಕೋಡ್ ಪ್ರತಿ ಮೈಕ್ರೋಸೆಕೆಂಡೂ ಓಡಾಡ್ತಾ ಇರತ್ತೆ.

ಇನ್ನೊಂದು ತೊಡಕಿದೆ. 16 ಅಡ್ರೆಸ್ ಗೆರೆಗಳಲ್ಲಿ ಎಣಿಸೋಕಾಗೋದು 64 ಕೆಬಿ ಮಾತ್ರ, ಅದ್ರಲ್ಲಿ ಗೇಮಿನ ರೋಮಿಗೆ ಸಿಗೋದು 32 ಕೆಬಿ. ಗೇಮ್ ಅದಕ್ಕಿಂತ ದೊಡ್ಡದಾದ್ರೆ ಕಾರ್ಟ್ರಿಜ್ ಒಳಗೆ ಮ್ಯಾಪರ್ ಅಂತ ಒಂದು ಚಿಪ್ ಬೇಕು, ಅದು 16 ಕೆಬಿ ತುಂಡುಗಳನ್ನ (ಇವಕ್ಕೆ ಬ್ಯಾಂಕ್ ಅಂತಾರೆ) ಒಂದೇ ಕಿಟಕಿಯಲ್ಲಿ ಬದಲಾಯಿಸಿ ಬದಲಾಯಿಸಿ ತೋರಿಸತ್ತೆ. ಎಂಬಿಸಿ1, ಎಂಬಿಸಿ3, ಎಂಬಿಸಿ5 ಅಂತೆಲ್ಲ ಕೇಳಿರ್ತೀರಲ್ಲ, ಅವೇ ಇವು. ಹೊಸದಾಗಿ ಬರಿಯೋರು ಎಂಬಿಸಿ5 ಇಟ್ಕೊಂಡ್ರೆ ತಲೆನೋವು ಕಮ್ಮಿ, 8 ಎಂಬಿ ತನಕ ಹೋಗತ್ತೆ, ಲೆಕ್ಕನೂ ನೇರ. ಎಂಬಿಸಿ1ನಲ್ಲಿ 0ನೇ ಬ್ಯಾಂಕ್ ಕೇಳಿದ್ರೆ 1ನೇದನ್ನ ಕೊಡೋ ತರದ ವಿಚಿತ್ರಗಳಿವೆ. ಅಂದ್ರೆ ಕಾರ್ಟ್ ಆರಿಸುವಾಗ ಮೊದಲು ನೋಡ್ಬೇಕಾದ್ದು ನಿಮ್ಮ ಕೋಡ್ ಯಾವ ಮ್ಯಾಪರ್ ನಂಬಿದೆ, ಆ ಕಾರ್ಟ್ ಅದನ್ನ ಕೊಡತ್ತಾ ಅನ್ನೋದು. ಒಳ್ಳೆ ಕಾರ್ಟ್‌ಗಳಲ್ಲಿ ಎಫ್‌ಪಿಜಿಎ ಅಂತ ಒಂದು ಚಿಪ್ ಇರತ್ತೆ, ಒಳಗಿನ ಲಾಜಿಕ್ ಸರ್ಕ್ಯೂಟನ್ನೇ ಸಾಫ್ಟ್‌ವೇರ್‌ನಿಂದ ಬದಲಾಯಿಸಬಹುದಾದ ಚಿಪ್ ಅದು, ಯಾವ ಮ್ಯಾಪರ್ ಬೇಕೋ ಆ ವೇಷ ಹಾಕತ್ತೆ. ಅದಕ್ಕೆ ತೆರೋ ಬೆಲೆ ಅಂದ್ರೆ ಬ್ಯಾಟರಿ ಬೇಗ ಇಳಿಯತ್ತೆ.

ಈಗ ಫ್ಲ್ಯಾಶ್ ವಿಷಯ. ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಈ ಮೆಮೊರಿನ 1984ರಲ್ಲಿ ಜಗತ್ತಿಗೆ ತೋರಿಸಿದ್ರು, ಒಂದು ದೊಡ್ಡ ಭಾಗನ ಒಂದೇ ಏಟಿಗೆ ಅಳಿಸೋದು ಕ್ಯಾಮೆರಾ ಫ್ಲ್ಯಾಶ್ ತರ ಇದೆ ಅಂತ ಅವರ ಸಹೋದ್ಯೋಗಿ ಒಬ್ಬರು ಆ ಹೆಸರು ಕೊಟ್ರು. ಒಳಗೆ ಪ್ರತಿ ಟ್ರಾನ್ಸಿಸ್ಟರ್‌ನಲ್ಲೂ ಸುತ್ತ ಇನ್ಸುಲೇಷನ್ ಇರೋ ಒಂದು ಪುಟ್ಟ ದ್ವೀಪ, ಅದರಲ್ಲಿ ಎಲೆಕ್ಟ್ರಾನ್‌ಗಳನ್ನ ಕೂಡಿಹಾಕಿದ್ರೆ 0, ಖಾಲಿ ಮಾಡಿದ್ರೆ 1. ಕರೆಂಟ್ ತೆಗೆದ್ರೂ ಎಲೆಕ್ಟ್ರಾನ್ ಹೊರಗೆ ಬರಲ್ಲ, ಅದಕ್ಕೇ ನೆನಪು ಉಳಿಯತ್ತೆ. ಬರೆಯುವಾಗ 1ನ್ನ 0 ಮಾಡಬಹುದೇ ಹೊರತು 0ನ್ನ ಒಂಟಿಯಾಗಿ 1 ಮಾಡೋಕಾಗಲ್ಲ, ಇಡೀ ಸೆಕ್ಟರ್ ಅಳಿಸ್ಬೇಕು, ಅದು ನಿಧಾನ, ಪ್ರತಿ ಸಲ ಅಳಿಸಿದಾಗಲೂ ಇನ್ಸುಲೇಷನ್ ಸ್ವಲ್ಪ ಸವೆಯತ್ತೆ. ಇದರಲ್ಲಿ ಎರಡು ಜಾತಿ. ನಾರ್ ಫ್ಲ್ಯಾಶ್‌ನಲ್ಲಿ ಯಾವ ಬೈಟ್ ಬೇಕಾದ್ರೂ ನೇರ ಕೇಳಬಹುದು, ಪ್ರೊಸೆಸರ್ ಅದರ ಮೇಲೇ ಓಡಬಹುದು. ನ್ಯಾಂಡ್‌ನಲ್ಲಿ ಒಂದು ಪುಟ ಪೂರ್ತಿ ಕೇಳ್ಬೇಕು, ಜಾಗ ಜಾಸ್ತಿ, ಬೆಲೆ ಕಮ್ಮಿ. ಮೈಕ್ರೋ ಎಸ್‌ಡಿ ಕಾರ್ಡ್ ಒಳಗಿರೋದು ನ್ಯಾಂಡ್. ಅದಕ್ಕೇ ಎಸ್‌ಡಿ ಕಾರ್ಡಿನ ಮೇಲೆ ಗೇಮ್ ಬಾಯ್ ನೇರವಾಗಿ ಓಡೋಕೆ ಸಾಧ್ಯ ಇಲ್ಲ, ಮಧ್ಯದಲ್ಲಿ ಯಾವುದಾದ್ರೂ ಒಂದು ಮೆಮೊರಿಗೆ ಇಳಿಸ್ಲೇಬೇಕು.

ಆ ಮಧ್ಯದ ಮೆಮೊರಿ ಯಾವುದು ಅನ್ನೋದ್ರಲ್ಲೇ ಕಾರ್ಟ್‌ನ ಸ್ವಭಾವ ಇರೋದು. ಕೆಲವದ್ರಲ್ಲಿ ಬರೀ ನಾರ್ ಚಿಪ್, ಎಸ್‌ಡಿ ಕಾರ್ಡೇ ಇಲ್ಲ, ಜಿಬಿಎಕ್ಸ್‌ಕಾರ್ಟ್ ತರದ ರೈಟರ್‌ನಲ್ಲಿ ಕಂಪ್ಯೂಟರಿಂದ ಬರೀಬೇಕು. ಕರೆಂಟ್ ಕಮ್ಮಿ ಎಳೆಯತ್ತೆ, ಆನ್ ಮಾಡಿದ ಕೂಡ್ಲೇ ಗೇಮ್ ಶುರು, ಮುಗಿದ ಗೇಮನ್ನ ಯಾರಿಗಾದ್ರೂ ಕೊಡೋಕೆ ಇದಕ್ಕಿಂತ ಚೆನ್ನಾಗಿರೋದು ಇಲ್ಲ. ಇನ್ನು ಕೆಲವದ್ರಲ್ಲಿ ಎಸ್‌ಡಿಯಿಂದ ರ‍್ಯಾಮ್‌ಗೆ ಇಳಿಸ್ತಾರೆ, ಅಳಿಸೋ ಕಾಯುವಿಕೆ ಇಲ್ಲ, ಸವೆತ ಇಲ್ಲ, ಆದ್ರೆ ಆಫ್ ಮಾಡಿದ್ರೆ ಮತ್ತೆ ಮೊದಲಿಂದ ಲೋಡ್. ದಿನಕ್ಕೆ ಇಪ್ಪತ್ತು ಸಲ ಬಿಲ್ಡ್ ಮಾಡಿ ನೋಡೋರಿಗೆ ಈ ಎರಡನೇದೇ ಸರಿ ಅಂತ ನನ್ನ ಅಭಿಪ್ರಾಯ. ಈಝೀ ಫ್ಲ್ಯಾಶ್ ಒಮೆಗಾ ತರದ ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್‌ಗಳಲ್ಲಿ ಎರಡೂ ಇದೆ, ಪ್ರಯೋಗ ಎಲ್ಲ ರ‍್ಯಾಮ್‌ನಲ್ಲಿ ಮಾಡಿ ಪಕ್ಕಾ ಆದದ್ದನ್ನ ನಾರ್‌ಗೆ ಹಾಕಿಟ್ಕೊಬಹುದು.

ಯಾರೂ ಹೇಳದೇ ಬಿಡೋ ವಿಷಯ ವೋಲ್ಟೇಜ್, ನನಗೆ ಅತಿ ಹೆಚ್ಚು ಕಾಳಜಿ ಇರೋದೂ ಇದರ ಬಗ್ಗೆನೇ. ಹಳೇ ಗೇಮ್ ಬಾಯ್ ಕಾರ್ಟ್ರಿಜ್ ಬಸ್, ಅಂದ್ರೆ ಮೆಷಿನ್ನಿಗೂ ಕಾರ್ಟ್ರಿಜ್ಜಿಗೂ ಮಧ್ಯೆ ಸಿಗ್ನಲ್ ಸಾಗೋ ಗೆರೆಗಳು, 5 ವೋಲ್ಟ್. ಇವತ್ತು ಸಿಗೋ ನಾರ್ ಚಿಪ್‌ಗಳು ಹೆಚ್ಚುಕಮ್ಮಿ ಎಲ್ಲ 3.3 ವೋಲ್ಟ್. ಇವೆರಡರ ಮಧ್ಯೆ ವೋಲ್ಟೇಜ್ ಹೊಂದಿಸೋ ಲೆವೆಲ್ ಶಿಫ್ಟರ್ ಅನ್ನೋ ಚಿಪ್ ಕೂರಿಸ್ಬೇಕು, ಆದ್ರೆ ಖರ್ಚು ಉಳಿಸೋಕೆ ಕೆಲವರು ಕರೆಂಟ್ ಪಿನ್ನಿಗೆ ಮಾತ್ರ ವೋಲ್ಟೇಜ್ ಇಳಿಸೋ ರೆಗ್ಯುಲೇಟರ್ ಹಾಕಿ ಅಡ್ರೆಸ್ ಮತ್ತೆ ಡೇಟಾ ಗೆರೆಗಳನ್ನ ನೇರವಾಗಿ ಜೋಡಿಸಿಬಿಡ್ತಾರೆ. ಸಾಮಾನ್ಯವಾಗಿ ಇಂಥ ಚಿಪ್ ತನ್ನ ಸಪ್ಲೈಗಿಂತ ಅರ್ಧ ವೋಲ್ಟಿನಷ್ಟು ಹೆಚ್ಚು ಮಾತ್ರ ತಡ್ಕೊಳ್ಳತ್ತೆ, ಅದಕ್ಕೆ 5 ವೋಲ್ಟ್ ಕೊಟ್ರೆ ಹೆಚ್ಚಾದ ಕರೆಂಟ್ ಒಳಗಿನ ರಕ್ಷಣಾ ಡಯೋಡ್‌ಗಳ ಮೂಲಕ ಹರಿಯೋಕೆ ಶುರು ಮಾಡತ್ತೆ. ಮೋಸ ಏನಂದ್ರೆ ಅದು ಕೆಲಸ ಮಾಡತ್ತೆ! ಗೇಮ್ ಬರತ್ತೆ, ಆಡಬಹುದು, ತಿಂಗಳುಗಟ್ಟಲೆ ಏನೂ ಗೊತ್ತಾಗಲ್ಲ. ಚಿಪ್ಪೂ ಒದ್ದಾಡ್ತಿರತ್ತೆ, ಆ ಹೆಚ್ಚುವರಿ ಕರೆಂಟ್ ಕೊಡ್ತಾ ಇರೋ ಮೂವತ್ತು ವರ್ಷ ಹಳೇ ಪ್ರೊಸೆಸರ್ರೂ ಒದ್ದಾಡ್ತಿರತ್ತೆ. ಕಾರ್ಟ್ ಹೋದ್ರೆ ಇನ್ನೊಂದು ತರಬಹುದು, ಆ ಪ್ರೊಸೆಸರ್ ಈಗ ಯಾರೂ ತಯಾರು ಮಾಡ್ತಿಲ್ಲ. ನನ್ನ ಹತ್ರ ಅಂಥ ಒಂದು ಕಾರ್ಟ್ ಇತ್ತು, ಬಿಚ್ಚಿ ನೋಡಿದಾಗ ಒಂದು ಫ್ಲ್ಯಾಶ್ ಚಿಪ್, ಒಂದು ಪುಟ್ಟ ರೆಗ್ಯುಲೇಟರ್, ಮುಗೀತು. ಅವತ್ತಿಂದ ಅದನ್ನ ಗೇಮ್ ಬಾಯ್‌ಗೆ ಹಾಕಿಲ್ಲ. ತಗೊಳ್ಳೋ ಮುಂಚೆ ಬೋರ್ಡ್ ಫೋಟೋ ಕೇಳಿ, ಫ್ಲ್ಯಾಶ್ ಚಿಪ್ಪಿಗೂ ಚಿನ್ನದ ಬಣ್ಣದ ಪಿನ್ನುಗಳಿಗೂ ಮಧ್ಯೆ ಲೆವೆಲ್ ಶಿಫ್ಟರ್ ಕೆಲಸ ಮಾಡೋ ಸಣ್ಣ ಸಣ್ಣ ಬಫರ್ ಚಿಪ್‌ಗಳ ಸಾಲು ಇದೆಯಾ ನೋಡಿ.

2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಈ ಚಿಂತೆ ಇಲ್ಲ, ಅದರ ಸ್ವಂತ ಕಾರ್ಟ್ರಿಜ್ 3.3 ವೋಲ್ಟ್. ಹಳೇ ಕಾರ್ಟ್ರಿಜ್ ಹಾಕಿದ್ರೆ ಅದರ ಪ್ಲಾಸ್ಟಿಕ್ ಆಕಾರನೇ ಒಳಗಿನ ಒಂದು ಸ್ವಿಚ್ ಒತ್ತಿ 5 ವೋಲ್ಟ್‌ಗೆ ಬದಲಾಯಿಸತ್ತೆ, ಎಷ್ಟು ಸರಳವಾದ ಜಾಣತನ ನೋಡಿ. ಇಲ್ಲಿ ಚಿಂತೆ ವೇಗದ್ದು. ಪ್ರೊಸೆಸರ್ 16.78 ಮೆಗಾಹರ್ಟ್ಸ್, ಅಂದ್ರೆ ಒಂದು ಸೈಕಲ್ ಸುಮಾರು 60 ನ್ಯಾನೋಸೆಕೆಂಡ್. ಕಾರ್ಟ್ರಿಜ್ ಎಷ್ಟು ಹೊತ್ತು ತಗೊಳ್ಳಬಹುದು ಅನ್ನೋದನ್ನ ಪ್ರೋಗ್ರಾಮೇ ಒಂದು ರಿಜಿಸ್ಟರ್‌ನಲ್ಲಿ ಬರೆದು ಹೇಳತ್ತೆ. ಸಾಮಾನ್ಯವಾಗಿ ಬಳಸೋ ವೇಗದ ಸೆಟ್ಟಿಂಗ್‌ನಲ್ಲಿ ಮೊದಲ ಓದಿಗೆ 4 ಸೈಕಲ್, ಸಾಲಾಗಿ ಬರೋ ಮುಂದಿನವಕ್ಕೆ ತಲಾ 2, ಅಂದ್ರೆ 120 ನ್ಯಾನೋಸೆಕೆಂಡ್ ಒಳಗೆ ಉತ್ತರ ಬರ್ಲೇಬೇಕು. ಕಾರ್ಟ್‌ನ ಮೆಮೊರಿ ಅಷ್ಟು ಚುರುಕಿಲ್ಲ ಅಂದ್ರೆ ಗೇಮ್ ಯಾವುದೋ ಮೂಲೆಯಲ್ಲಿ ಕಾರಣ ಇಲ್ದೇ ಬಿದ್ದೋಗತ್ತೆ, ನೀವು ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕ್ತಾ ರಾತ್ರಿ ಕಳೀತೀರ. ಹಂಗಾದಾಗ ಆ ರಿಜಿಸ್ಟರ್‌ನ ಡಿಫಾಲ್ಟ್ ನಿಧಾನ ಸೆಟ್ಟಿಂಗ್‌ಗೇ ಬಿಟ್ಟು ನೋಡಿ, ತೊಂದ್ರೆ ಮಾಯ ಆದ್ರೆ ತಪ್ಪು ಕಾರ್ಟ್‌ದು. ಅಂದಹಾಗೆ 256 ಕೆಬಿ ಒಳಗಿನ ಪ್ರೋಗ್ರಾಮ್ ಆದ್ರೆ ಅಡ್ವಾನ್ಸ್‌ಗೆ ಕಾರ್ಟೇ ಬೇಡ, ಲಿಂಕ್ ಕೇಬಲ್ ಮೂಲಕ ನೇರ ಒಳಗಿನ ರ‍್ಯಾಮಿಗೆ ಕಳಿಸಬಹುದು, ಕಲಿಯೋಕೆ ಇದು ತುಂಬ ಒಳ್ಳೆ ದಾರಿ.

2004ರ ಡಿಎಸ್‌ಗೆ ಬಂದ್ರೆ ಕಥೆನೇ ಬದಲು. ಅದರ ಚಿಕ್ಕ ಕಾರ್ಡ್ ಪ್ರೊಸೆಸರ್‌ನ ಅಡ್ರೆಸ್ ಜಾಗದಲ್ಲಿ ಕಾಣಿಸೋದೇ ಇಲ್ಲ. ಪ್ರೊಸೆಸರ್ 8 ಬೈಟಿನ ಒಂದು ಕಮಾಂಡ್ ಕಳಿಸತ್ತೆ, ಕಾರ್ಡ್ ಡೇಟಾ ಕೊಡತ್ತೆ, ಅದು 4 ಎಂಬಿ ರ‍್ಯಾಮಿಗೆ ಇಳಿದು ಅಲ್ಲಿಂದ ಓಡತ್ತೆ. ಹೆಚ್ಚುಕಮ್ಮಿ ಪೆನ್‌ಡ್ರೈವ್ ಲೆಕ್ಕ. ಹಾಗಾಗಿ ಇಲ್ಲಿ ಮ್ಯಾಪರ್, ನಾರ್ ಅಂತ ತಲೆ ಕೆಡಿಸ್ಕೊಳ್ಳೋದು ಬೇಡ, ಬದಲಿಗೆ ಕೇಳ್ಬೇಕಾದ ಪ್ರಶ್ನೆ ನಿಮ್ಮ ಪ್ರೋಗ್ರಾಮ್ ಓಡ್ತಾ ಇರುವಾಗ ಎಸ್‌ಡಿ ಕಾರ್ಡಿನ ಫೈಲ್ ತೆಗೀಬಹುದಾ ಅನ್ನೋದು. ಪ್ರತಿ ಕಾರ್ಟ್‌ನ ಎಸ್‌ಡಿ ಸರ್ಕ್ಯೂಟ್ ಬೇರೆ, ಮೊದಲೆಲ್ಲ ಒಂದೊಂದು ಕಾರ್ಟ್‌ಗೂ ಬೇರೆ ಬೇರೆ ಬಿಲ್ಡ್ ಮಾಡ್ಬೇಕಿತ್ತು. ಅದನ್ನ ತಪ್ಪಿಸಿದ್ದು ಡಿಎಲ್‌ಡಿಐ ಅನ್ನೋ ಏರ್ಪಾಡು. ಪ್ರೋಗ್ರಾಮ್ ಒಳಗೆ ಡ್ರೈವರಿಗೆ ಅಂತ ಒಂದು ಖಾಲಿ ಜಾಗ ಬಿಟ್ಟಿರ್ತಾರೆ, ಆಯಾ ಕಾರ್ಟ್‌ನ ಡ್ರೈವರ್ ಅಲ್ಲಿ ಬಂದು ಕೂರತ್ತೆ. ಒಳ್ಳೆ ಕಾರ್ಟ್ ಇದನ್ನ ಲೋಡ್ ಮಾಡುವಾಗ ತಾನೇ ಮಾಡ್ಕೊಳ್ಳತ್ತೆ. ಹವ್ಯಾಸಿಗಳು ತಮ್ಮ ಬಿಡುವಿನಲ್ಲಿ ಕೂತು ಬರೆದ ಈ ಸಣ್ಣ ಒಪ್ಪಂದದಿಂದ ಹಳೇ ಪ್ರೋಗ್ರಾಮ್‌ಗಳು ಆಮೇಲೆ ಬಂದ ಕಾರ್ಟ್‌ಗಳಲ್ಲೂ ಓಡ್ತಿವೆ ಅನ್ನೋದು ನನಗೆ ಬಹಳ ಖುಷಿ ಕೊಡೋ ವಿಷಯ. ಡಿಎಸ್‌ಐ, 3ಡಿಎಸ್ ಇದ್ದೋರು ಕಾರ್ಟ್ ತಗೊಳ್ಳೋ ಮುಂಚೆ ಒಮ್ಮೆ ಯೋಚಿಸಿ, ಅವುಗಳಲ್ಲಿ ಎಸ್‌ಡಿ ಸ್ಲಾಟ್ ಮೆಷಿನ್ನಿನಲ್ಲೇ ಇದೆ, ಹೋಮ್‌ಬ್ರೂ ಅಲ್ಲಿಂದಲೇ ಓಡಿಸೋ ದಾರಿಗಳಿವೆ.

ಎಸ್‌ಡಿ ಕಾರ್ಡ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಹೋಮ್‌ಬ್ರೂ ಫೈಲ್‌ಗಳು ಕೆಬಿ, ಹೆಚ್ಚಂದ್ರೆ ಎಂಬಿ ಲೆಕ್ಕದವು, ದೊಡ್ಡ ಕಾರ್ಡ್ ಬೇಕಾಗಿಲ್ಲ. 32 ಜಿಬಿ ದಾಟಿದ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಬರತ್ವೆ, ಬಹಳಷ್ಟು ಕಾರ್ಟ್‌ಗಳಿಗೆ ಅದು ಗೊತ್ತಾಗಲ್ಲ, ಚಿಕ್ಕ ಕಾರ್ಡ್ ತಗೊಂಡು ಫ್ಯಾಟ್32 ಮಾಡಿ. ಮೊದಮೊದಲ ಡಿಎಸ್ ಕಾರ್ಟ್‌ಗಳಲ್ಲಿ ಕೆಲವು 2 ಜಿಬಿ ಮೇಲಿನ ಕಾರ್ಡೇ ಓದಲ್ಲ, ಅದನ್ನೂ ನೋಡ್ಕೊಳ್ಳಿ.

ಕಂಪ್ಯೂಟರಿನಲ್ಲೇ ಗೇಮ್ ಬಾಯ್ ತರ ನಟಿಸೋ ಎಮ್ಯುಲೇಟರ್ ಪ್ರೋಗ್ರಾಮ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳ್ತಾರೆ. ದಿನದ ಕೆಲಸ ಎಲ್ಲ ಎಮ್ಯುಲೇಟರ್‌ನಲ್ಲೇ ಮಾಡಿ, ನಾನೂ ಹಾಗೇ ಮಾಡೋದು. ಆದ್ರೆ ನಿಜವಾದ ಮೆಷಿನ್ ಆನ್ ಆದಾಗ ರ‍್ಯಾಮ್‌ನಲ್ಲಿ ಕಸ ತುಂಬಿರತ್ತೆ, ಎಮ್ಯುಲೇಟರ್ ಎಷ್ಟೋ ಸಲ ಸೊನ್ನೆ ತುಂಬಿ ಕೊಡತ್ತೆ. ಒಂದು ವೇರಿಯಬಲ್‌ಗೆ ಮೊದಲ ಬೆಲೆ ಕೊಡೋದು ಮರೆತಿದ್ರೆ ಎಮ್ಯುಲೇಟರ್‌ನಲ್ಲಿ ತಿಂಗಳಾದ್ರೂ ಗೊತ್ತಾಗಲ್ಲ, ಮೆಷಿನ್ನಿನಲ್ಲಿ ಮೊದಲ ಫ್ರೇಮಿಗೇ ಬಯಲಾಗತ್ತೆ. ಗೇಮ್ ಬಾಯ್ ಪರದೆ ಗೆರೆ ಎಳೀತಾ ಇರೋ ಹೊತ್ತಲ್ಲಿ ವಿಡಿಯೋ ರ‍್ಯಾಮ್ ಮುಟ್ಟೋಕಾಗಲ್ಲ, ಬರೆದದ್ದು ಹಾಗೇ ಕಳೆದುಹೋಗತ್ತೆ, ಸಡಿಲವಾದ ಎಮ್ಯುಲೇಟರ್‌ಗಳು ಅದನ್ನ ಸುಮ್ಮನೆ ಬಿಟ್ಬಿಡತ್ವೆ. ಸೇಮ್‌ಬಾಯ್ ತರದವು ಇಂಥದ್ರಲ್ಲಿ ಕಟ್ಟುನಿಟ್ಟು, ಆದ್ರೂ ಕೈಯಲ್ಲಿ ಹಿಡಿದಾಗ ಆ ಪರದೆಯಲ್ಲಿ ಬಣ್ಣ ಹೇಗೆ ಕಾಣತ್ತೆ, ಬಟನ್ ಎಷ್ಟು ಬಿಗಿ, ಸ್ಪೀಕರ್‌ನಲ್ಲಿ ಕೆಳಗಿನ ಸ್ವರ ಕೇಳತ್ತಾ ಅನ್ನೋದು ಮೆಷಿನ್ ಬಿಟ್ಟು ಬೇರೆ ಎಲ್ಲೂ ಗೊತ್ತಾಗಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳ್ಬೇಕು. ಇದೇ ಕಾರ್ಟ್‌ಗಳಲ್ಲಿ ಅಂಗಡಿ ಗೇಮ್‌ಗಳನ್ನ ಕದ್ದು ಹಾಕ್ಕೊಳ್ಳೋರೇ ಹೆಚ್ಚು, ಅದರಿಂದಲೇ 2009ರಲ್ಲಿ ಟೋಕಿಯೋದ ನ್ಯಾಯಾಲಯ ಆರ್4 ತರದ ಡಿಎಸ್ ಕಾರ್ಟ್‌ಗಳ ಮಾರಾಟ ನಿಲ್ಲಿಸಿತು, 2010ರಲ್ಲಿ ಬ್ರಿಟನ್ನಿನ ಹೈಕೋರ್ಟೂ ಅದೇ ದಾರಿ ಹಿಡೀತು. ನಾವು ಬರೆದದ್ದನ್ನ ನಾವು ಓಡಿಸೋದು ಬೇರೆ, ಇನ್ನೊಬ್ಬರದ್ದನ್ನ ಕಾಪಿ ಹೊಡಿಯೋದು ಬೇರೆ. ನಿಮ್ಮ ದೇಶದ ಕಾನೂನು ನೋಡ್ಕೊಂಡು ತಗೊಳ್ಳಿ.

ಉಳಿದದ್ದು ಸೇವ್, ಅಂದ್ರೆ ಆಡಿದ್ದನ್ನ ಮುಂದಿನ ಸಲಕ್ಕೆ ಉಳಿಸಿಡೋದು. ಹಳೇ ಕಾರ್ಟ್ರಿಜ್‌ಗಳು ಎಸ್‌ರ‍್ಯಾಮ್‌ನಲ್ಲಿ ಬರೆದು ಬಟನ್ ಸೆಲ್ ಹಾಕಿ ಕಾಪಾಡ್ತಿದ್ವು, ಸೆಲ್ ಮುಗಿದ್ರೆ ಎಲ್ಲ ಹೋಯ್ತು. ಈಗಿನ ಕೆಲವು ಕಾರ್ಟ್‌ಗಳಲ್ಲಿ ಎಫ್‌ರ‍್ಯಾಮ್ ಇರತ್ತೆ, ಕರೆಂಟ್ ಇಲ್ದಿದ್ರೂ ಅದು ಮರೆಯಲ್ಲ, ಸೆಲ್ಲೇ ಬೇಡ, ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಇನ್ನು ಕೆಲವು ಆಫ್ ಮಾಡೋ ಮುಂಚೆ ಒಂದು ಬಟನ್ ಒತ್ತಿ ಎಸ್‌ಡಿಗೆ ಕಾಪಿ ಮಾಡಿ ಅಂತಾವೆ, ಮರೆತ್ರೆ ಹೋಯ್ತು. ಎಲ್‌ಎಸ್‌ಡಿಜೆಯಂಥ ಸಂಗೀತದ ಪ್ರೋಗ್ರಾಮ್ ಬಳಸೋರಿಗೆ ಇದು ಸಣ್ಣ ವಿಷಯ ಅಲ್ಲ, ಅದು 128 ಕೆಬಿ ಸೇವ್ ಜಾಗ ಪೂರ್ತಿ ಬಳಸತ್ತೆ, 32 ಕೆಬಿ ಮಾತ್ರ ಇರೋ ಕಾರ್ಟ್‌ನಲ್ಲಿ ಅಷ್ಟೂ ಹಾಡು ಇಡೋಕಾಗಲ್ಲ. ಹಾಗಾಗಿ ಹೊಸ ಕಾರ್ಟ್ ಕೈಗೆ ಬಂದ ದಿನ ನಾನು ಗೇಮ್ ಹಾಕೋದಿಲ್ಲ, ಮೊದಲು ಒಂದು ಪುಟ್ಟ ಪ್ರೋಗ್ರಾಮ್ ಬರೀತೀನಿ, ಸೇವ್ ರ‍್ಯಾಮ್‌ನ ಪ್ರತಿ ಬ್ಯಾಂಕ್‌ನ ಪ್ರತಿ ಬೈಟಿಗೂ ಅದರ ಬ್ಯಾಂಕ್ ನಂಬರ್ ಮತ್ತೆ ಅಡ್ರೆಸ್‌ನಿಂದ ಲೆಕ್ಕ ಹಾಕಿದ ಒಂದು ಅಂಕಿ ತುಂಬಿ, ಆಫ್ ಮಾಡಿ, ಕಾರ್ಟ್ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟು ಮಲಗ್ತೀನಿ. ಬೆಳಿಗ್ಗೆ ಎದ್ದು ಹಾಕಿ, ಎಲ್ಲ ಅಂಕಿನೂ ಅದರದರ ಜಾಗದಲ್ಲೇ ಇದ್ರೆ ಆಮೇಲೆ ಗೇಮ್.