"ನಿನ್ನ ಕಾನ್ಸೆಪ್ಟ್ ಏನು?": ಜ್ಯೂರಿಯ ಮೊದಲ ಪ್ರಶ್ನೆಗೆ ಉತ್ತರ ಎಲ್ಲಿಂದ ತರಬೇಕು

ಓದುಗರ ಪ್ರಶ್ನೆ: ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಎರಡನೇ ವರ್ಷದಲ್ಲಿದ್ದೇನೆ. ಪ್ರತಿ ಜ್ಯೂರಿಯಲ್ಲೂ, ಅಂದರೆ ನಮ್ಮ ವಿನ್ಯಾಸವನ್ನು ಪರೀಕ್ಷಕರ ಮುಂದಿಡುವಾಗಲೆಲ್ಲ, ಮೊದಲು ಕೇಳುವುದು "ಕಾನ್ಸೆಪ್ಟ್ ಏನು?" ಅಂತಲೇ. ಈ ಸಲ ಬೆಂಗಳೂರಿನ ಬಡಾವಣೆಯೊಂದಕ್ಕೆ ಸಣ್ಣ ಗ್ರಂಥಾಲಯ ವಿನ್ಯಾಸ ಮಾಡಲು ಕೊಟ್ಟಿದ್ದಾರೆ. ತೆರೆದ ಪುಸ್ತಕದ ಆಕಾರದಲ್ಲಿ ಕಟ್ಟಡ ಮಾಡಿ ತೋರಿಸಿದೆ, ಒಪ್ಪಲಿಲ್ಲ. ಕಾನ್ಸೆಪ್ಟ್ ಎಂದರೆ ನಿಜಕ್ಕೂ ಏನು? ಅದು ಹೇಗೆ ಸಿಗುತ್ತದೆ? ದಯವಿಟ್ಟು ತಿಳಿಸಿ.

ಉತ್ತರ: ತೆರೆದ ಪುಸ್ತಕ ಸವೆದುಹೋದ ಕಲ್ಪನೆ ಎಂಬುದು ಸಣ್ಣ ಮಾತು. ದೊಡ್ಡ ತೊಂದರೆ ಎಂದರೆ ಅದು ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಮೆಟ್ಟಿಲು ಉತ್ತರಕ್ಕಿರಲೋ ದಕ್ಷಿಣಕ್ಕಿರಲೋ? ಪೇಪರ್ ಓದಲು ಬರುವವರು ಬಾಗಿಲ ಬಳಿ ಕೂರಬೇಕೋ ಒಳಗೋ? ಕಿಟಕಿ ಎಷ್ಟು ಎತ್ತರಕ್ಕೆ ಶುರುವಾಗಬೇಕು? ಪುಸ್ತಕದ ಆಕಾರ ಇದಕ್ಕೆಲ್ಲ ಬಾಯಿ ಬಿಡುವುದಿಲ್ಲ. ಆ ಆಕಾರ ಕಾಣುವುದೂ ಪ್ಲಾನ್ ಶೀಟಿನಲ್ಲಿ ಮಾತ್ರ. ರಸ್ತೆಯಲ್ಲಿ ನಿಂತವರಿಗೆ ಕಾಣುವುದು ಒಂದು ಗೋಡೆ. ಚಾವಣಿಯನ್ನೇ ಪುಸ್ತಕದ ಹಾಗೆ ಬಿಡಿಸಿದರಂತೂ ಮಳೆನೀರೆಲ್ಲ ನಡುವಿನ ಮಡಿಕೆಗೆ, ಅಂದರೆ ಕಪಾಟುಗಳ ನೆತ್ತಿಯ ಮೇಲಕ್ಕೇ ಬಂದು ನಿಲ್ಲುತ್ತದೆ.

ಸ್ಟುಡಿಯೋದಲ್ಲಿ (ವಿನ್ಯಾಸದ ತರಗತಿಯಲ್ಲಿ) ಕೆಲಸಕ್ಕೆ ಬರುವ ಕಾನ್ಸೆಪ್ಟ್ ಎಂದರೆ ಒಂದು ವಾಕ್ಯ. ನಿಮ್ಮದೇ ಎರಡು ಪ್ಲಾನ್‌ಗಳನ್ನು ಪಕ್ಕಪಕ್ಕ ಇಟ್ಟಾಗ "ಇದು ಇರಲಿ, ಅದು ಬೇಡ" ಎಂದು ತೀರ್ಮಾನ ಹೇಳಬಲ್ಲ ವಾಕ್ಯ. ಏನನ್ನೂ ಬೇಡ ಅನ್ನಲಾರದ ವಾಕ್ಯ ಎಷ್ಟೇ ಚೆಂದವಿದ್ದರೂ ಕಾನ್ಸೆಪ್ಟ್ ಆಗುವುದಿಲ್ಲ. "ಪ್ರಕೃತಿಯೊಂದಿಗೆ ಬೆರೆಯುವ ಕಟ್ಟಡ" ಎಂದು ಬರೆದುಕೊಂಡು ನೋಡಿ: ಎಂಥ ಪ್ಲಾನ್ ಆದರೂ ಅದರ ಕೆಳಗೆ ಕೂರುತ್ತದೆ.

ಇಂಥ ವಾಕ್ಯ ಹುಟ್ಟುವುದು ಹೆಚ್ಚಾಗಿ ಎರಡು ಬೇಡಿಕೆಗಳ ಜಗಳದಲ್ಲಿ. ಮುಂಬೈಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕಾಂಚನಜುಂಗಾ ಅಪಾರ್ಟ್‌ಮೆಂಟ್ಸ್ (1983) ಇದಕ್ಕೆ ತಿಳಿಯಾದ ಉದಾಹರಣೆ. ಅಲ್ಲಿ ಸಮುದ್ರದ ಗಾಳಿ, ನೋಟ ಎರಡೂ ಪಶ್ಚಿಮದಿಂದ. ಮಧ್ಯಾಹ್ನದ ಬಿಸಿಲು, ಮುಂಗಾರಿನ ಇರಿಚಲು ಅದೇ ಪಶ್ಚಿಮದಿಂದ. ತೆರೆದರೆ ಸುಡುತ್ತದೆ, ಮುಚ್ಚಿದರೆ ಉಸಿರುಕಟ್ಟುತ್ತದೆ. ಹಳೆಯ ಬಂಗಲೆಗಳು ಕೋಣೆಗಳ ಸುತ್ತ ವರಾಂಡ ಕಟ್ಟಿ ಈ ಜಗಳ ಬಿಡಿಸಿದ್ದವು. ಕೊರಿಯಾ ಆ ವರಾಂಡವನ್ನು 84 ಮೀಟರ್ ಎತ್ತರದ ಗೋಪುರದ ಮೂಲೆಗಳಿಗೆ ಎರಡಂತಸ್ತಿನಷ್ಟು ಎತ್ತರದ ತೆರೆದ ಟೆರೇಸ್‌ಗಳಾಗಿ ಏರಿಸಿದರು. ಕಟ್ಟಡದ ಮೈಯಲ್ಲಿ ಕಾಣುವ ಆ ದೊಡ್ಡ ಕಚ್ಚುಗಳು ಅಲಂಕಾರಕ್ಕೆ ಬಂದವಲ್ಲ, ಜಗಳ ಬಿಡಿಸಲು ಬಂದವು.

ಬೆಂಗಳೂರಿನ ಐಐಎಂ ಆವರಣದಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರು ಕಲಿಕೆ ತರಗತಿಯ ಬಾಗಿಲಲ್ಲೇ ಮುಗಿಯುವುದಿಲ್ಲ ಎಂಬಲ್ಲಿಂದ ಹೊರಟರು. ಆದ್ದರಿಂದಲೇ ಅಲ್ಲಿನ ಕಾರಿಡಾರ್‌ಗಳು ನಡೆದುಹೋಗಲು ಬೇಕಾದುದಕ್ಕಿಂತ ಅಗಲವಾಗಿವೆ, ನಿಂತು ಮಾತಾಡಲು ಮೂಲೆಗಳಿವೆ, ಕಲ್ಲಿನ ಗೋಡೆಗಳ ನಡುವೆ ಮೇಲಿನ ತೊಲೆಗಳ ಸಂದಿನಿಂದ ಬೆಳಕು ಇಳಿಯುತ್ತದೆ. ಪ್ರೇರಣೆ ಆಗ್ರಾ ಬಳಿಯ ಮೊಘಲರ ಹಳೆಯ ನಗರ ಫತೇಪುರ್ ಸಿಕ್ರಿಯದ್ದು. ವಿದ್ಯಾರ್ಥಿಗಳು ಐಐಎಂಗೆ ಹೋಗಿ ಬಂದು ತೊಲೆಗಳ ಸಾಲನ್ನು ತಮ್ಮ ಪ್ಲಾನ್‌ಗೆ ಅಂಟಿಸುತ್ತಾರೆ. ತರಬೇಕಾದ್ದು ತೊಲೆಯನ್ನಲ್ಲ, ದೋಶಿ ಕೇಳಿಕೊಂಡ ಪ್ರಶ್ನೆಯನ್ನು.

ಈಗ ನಿಮ್ಮ ಗ್ರಂಥಾಲಯಕ್ಕೆ ಬರೋಣ. ಸೈಟು 40×60 ಅಡಿ, ಅಂದರೆ ಹೆಚ್ಚುಕಡಿಮೆ 12×18 ಮೀಟರ್. ಚಿಕ್ಕ ಬದಿಗೆ ಪಶ್ಚಿಮದಲ್ಲಿ ರಸ್ತೆ ಇದೆ ಎಂದಿಟ್ಟುಕೊಳ್ಳಿ.

ಪೆನ್ಸಿಲ್ ಹಿಡಿಯುವ ಮುಂಚೆ ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಪೂರ್ತಿ ದಿನ ಕೂರಿ. ಯಾರು ಬಂದರು, ಎಷ್ಟು ಹೊತ್ತಿಗೆ, ಎಲ್ಲಿ ಕೂತರು, ಎಷ್ಟು ಹೊತ್ತು ಇದ್ದರು ಎಂದು ನಾಲ್ಕು ಕಲಮುಗಳಲ್ಲಿ ಬರೆದುಕೊಳ್ಳಿ. ಸಾಮಾನ್ಯವಾಗಿ ಎರಡು ಗುಂಪು ಕಾಣುತ್ತವೆ. ಬೆಳಿಗ್ಗೆ ಬಂದು ಪೇಪರ್ ತಿರುವಿ, ಪಕ್ಕದವರ ಜೊತೆ ನಾಲ್ಕು ಮಾತಾಡಿ ಅರ್ಧ ಗಂಟೆಯಲ್ಲಿ ಏಳುವ ಹಿರಿಯರು ಒಂದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ, ತಮ್ಮದೇ ಪುಸ್ತಕ ತಂದು ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿ ಬಿಡದ ಯುವಕ ಯುವತಿಯರು ಇನ್ನೊಂದು. ಮೊದಲಿನವರಿಗೆ ಬೀದಿ ಬೇಕು, ಎರಡನೆಯವರಿಗೆ ಬೀದಿ ಬೇಡ. ನಿಮ್ಮ ಜಗಳ ಇಲ್ಲಿದೆ. ವಾಕ್ಯವೂ ಇಲ್ಲೇ ಸಿಗುತ್ತದೆ:

"ಅರ್ಧ ಗಂಟೆ ಕೂರುವವರು ರಸ್ತೆಗೆ ಹತ್ತಿರ, ದಿನವಿಡೀ ಕೂರುವವರು ರಸ್ತೆಯಿಂದ ದೂರ, ನಡುವೆ ತೊಟ್ಟಿ."

ತೊಟ್ಟಿ ಎಂದರೆ ಕಟ್ಟಡದ ನಡುವಿನ, ಮೇಲೆ ತೆರೆದ ಅಂಗಳ. ನಮ್ಮ ತೊಟ್ಟಿಮನೆಗಳ ಕ್ರಮವೂ ಹೆಚ್ಚುಕಡಿಮೆ ಇದೇ. ಪರಿಚಯದವರು ಜಗಲಿಯಲ್ಲೇ ಕೂತು ಎದ್ದುಹೋಗುತ್ತಾರೆ, ನೆಂಟರು ಒಳಗೆ ಬರುತ್ತಾರೆ. ಆದರೆ "ತೊಟ್ಟಿಮನೆಯಿಂದ ಪ್ರೇರಿತ" ಎಂದು ಶೀಟಿನ ಮೇಲೆ ಬರೆದು ಸುಮ್ಮನಾದರೆ ಮತ್ತೆ ತೆರೆದ ಪುಸ್ತಕದ ಕಥೆಯೇ. ವಾಕ್ಯವನ್ನು ಅಳತೆಗೆ ಇಳಿಸಬೇಕು.

ಮೊದಲು ಜಾಗ. ಮುಂದೆ 3 ಮೀಟರ್, ಹಿಂದೆ 2, ಎರಡು ಬದಿಗೆ ತಲಾ 1.5 ಬಿಟ್ಟರೆ (ನಿಮ್ಮ ಊರಿನ ನಿಯಮದ ಅಂಕಿ ಬೇರೆ ಇದ್ದರೆ ಅದನ್ನು ಹಾಕಿಕೊಳ್ಳಿ) ಕಟ್ಟಡಕ್ಕೆ ಉಳಿಯುವುದು 9×13 ಮೀಟರ್. ರಸ್ತೆಯ ಕಡೆ 2.4 ಮೀಟರ್ ಆಳದ ಜಗಲಿ. ಅದರ ಹಿಂದೆ 3.3, 4, 3.3 ಮೀಟರಿನ ಮೂರು ಅಂಕಣ (ಕಂಬಗಳ ಸಾಲುಗಳ ನಡುವಿನ ಜಾಗ). ಅಡ್ಡಕ್ಕೆ 3, 3, 3. ನಟ್ಟನಡುವಿನ 3×4 ಮೀಟರ್ ಜಾಗವೇ ತೊಟ್ಟಿ. ಕಂಬಗಳು ಈ ಗೆರೆಗಳ ಮೇಲೇ ನಿಲ್ಲಲಿ. ಪ್ಲಾನ್ ಮುಗಿದ ಮೇಲೆ ಕಂಬ ತುರುಕಲು ಹೋದರೆ ಒಂದಾದರೂ ಓದುವ ಮೇಜಿನ ನಡುವೆ ಬಂದು ನಿಲ್ಲುತ್ತದೆ.

ಜಗಲಿ ಪಶ್ಚಿಮಕ್ಕಿದೆ. ಕೇಳಿದ ಕೂಡಲೇ "ಬಿಸಿಲು!" ಅನ್ನುತ್ತಾರೆ. ಆದರೆ ಪೇಪರ್ ಓದುವವರು ಬರುವುದು ಬೆಳಿಗ್ಗೆ, ಆಗ ಪಶ್ಚಿಮದ ಜಗಲಿ ಪೂರ್ತಿ ನೆರಳು. ಮಾರ್ಚ್ ಕೊನೆಯಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ಸುಮಾರು 29 ಡಿಗ್ರಿ ಎತ್ತರದಲ್ಲಿರುತ್ತಾನೆ. ಜಗಲಿಯ ಸೂರು ನೆಲದಿಂದ 2.4 ಮೀಟರ್ ಎತ್ತರಕ್ಕಿದ್ದರೆ, ಒಳಗೋಡೆಯ ಮೇಲೆ ಬಿಸಿಲು ಬೀಳುವುದು ಸುಮಾರು 1.1 ಮೀಟರ್ ಎತ್ತರದವರೆಗೆ. ಹಾಗಾದರೆ ಆ ಗೋಡೆಯ ಕಿಟಕಿಗಳು 1.1 ಮೀಟರಿನಿಂದ ಮೇಲೆ ಶುರುವಾಗಲಿ, ಕೆಳಗೆ ಪುಸ್ತಕ ಇಡುವುದು ಬೇಡ. ಇದೇ ಜಾಗದಲ್ಲಿ ಜಗಲಿ ಇಲ್ಲದೆ ಬರೀ 1.2 ಮೀಟರ್ ಎತ್ತರದ ಕಿಟಕಿಗೆ ಸಜ್ಜಾ (ಕಿಟಕಿಯ ಮೇಲೆ ಚಾಚಿದ ಹಲಗೆ) ಹಾಕಿ ಆ ಬಿಸಿಲನ್ನು ತಡೆಯಲು ಹೊರಟರೆ ಸಜ್ಜಾ 2 ಮೀಟರಿಗೂ ಹೆಚ್ಚು ಮುಂದೆ ಚಾಚಬೇಕು. ಎಲ್ಲ ದಿಕ್ಕಿಗೂ ಒಂದೇ 60 ಸೆಂ.ಮೀ. ಸಜ್ಜಾ ಎಳೆದಿರುವ ಎಲಿವೇಷನ್ (ಹೊರಮೈಯ ಚಿತ್ರ) ನೋಡಿದರೆ, ಲೆಕ್ಕ ಹಾಕಿಲ್ಲ ಎಂಬುದು ಜ್ಯೂರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಜಗಲಿಯ ಎತ್ತರ 450 ಮಿ.ಮೀ. ಇಡಿ. ಅದು ಕುರ್ಚಿಯ ಎತ್ತರ, ಒಳಗೆ ಬಾರದವರೂ ಅಂಚಿನಲ್ಲಿ ಕೂರಬಹುದು. ಇಲ್ಲೊಂದು ತೊಡಕಿದೆ. ಗಾಲಿಕುರ್ಚಿಗೆ 1:12 ಇಳಿಜಾರಿನ ರ‍್ಯಾಂಪ್ ಬೇಕು, ಅಂದರೆ 5.4 ಮೀಟರ್ ಉದ್ದ. ಎರಡು ತುದಿಗೆ ತಲಾ 1.5 ಮೀಟರ್ ಸಮತಟ್ಟು ಸೇರಿಸಿದರೆ 8.4 ಮೀಟರ್. ಮುಂದೆ ಇರುವುದು 3 ಮೀಟರ್, ನೇರಕ್ಕೆ ಕೂರುವುದೇ ಇಲ್ಲ. ಜಗಲಿಗೆ ಅಂಟಿಸಿ ಅಡ್ಡಕ್ಕೆ ಹಾಕಿದರೆ ಕೂರುವ ಅಂಚು ಪೂರ್ತಿ ಮುಚ್ಚಿಹೋಗುತ್ತದೆ. ಕಾಂಪೌಂಡಿಗೆ ಒತ್ತಿ 1.5 ಮೀಟರ್ ಅಗಲದ ರ‍್ಯಾಂಪ್ ಹಾಕಿ, ಜಗಲಿಯ ಮುಂದೆ ಕಾಲು ಇಳಿಬಿಡಲು ಉಳಿದ 1.5 ಮೀಟರ್ ಪಟ್ಟಿ ಬಿಡಿ. ರ‍್ಯಾಂಪ್ ತುದಿಯಲ್ಲಿ ತಿರುಗಿ ಜಗಲಿಯನ್ನು ಸೇರಲಿ. ರ‍್ಯಾಂಪನ್ನು ಕೊನೆಯ ವಾರಕ್ಕೆ ಬಿಟ್ಟವರು ಮುಂಭಾಗವನ್ನೇ ಹೊಸದಾಗಿ ಎಳೆಯಬೇಕಾಗುತ್ತದೆ.

ತೊಟ್ಟಿಯ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಪ್ಲಾನ್‌ನಲ್ಲಿ ಒಂದು ಚೌಕ ಬಿಟ್ಟು ಹಸಿರು ಬಳಿದು "ಬೆಳಕು, ಗಾಳಿ" ಎಂದು ಬರೆಯುತ್ತಾರೆ. ಬೆಳಕು ಬರುತ್ತದೋ ಇಲ್ಲವೋ ಹೇಳುವುದು ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಚಿತ್ರ ಮಾತ್ರ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಆಸುಪಾಸು ನಡುಹಗಲಲ್ಲಿ ಸೂರ್ಯ ದಕ್ಷಿಣಕ್ಕೆ 53.5 ಡಿಗ್ರಿ ಎತ್ತರದಲ್ಲಿ, ಮಾರ್ಚ್ 21ಕ್ಕೆ 77 ಡಿಗ್ರಿಯಲ್ಲಿ ಇರುತ್ತಾನೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ಉತ್ತರದ ಕಡೆಗೆ ವಾಲಿರುತ್ತಾನೆ. ಜೂನ್ 21ಕ್ಕೆ ಉತ್ತರದಿಂದ 79.5 ಡಿಗ್ರಿ. ಗೋಡೆಯ ಎತ್ತರವನ್ನು ಈ ಕೋನದ ಟ್ಯಾನ್‌ನಿಂದ ಭಾಗಿಸಿದರೆ ನೆರಳಿನ ಉದ್ದ ಸಿಗುತ್ತದೆ.

ಒಂದೇ ಮಹಡಿ, 3.3 ಮೀಟರ್ ಎತ್ತರ ಎಂದುಕೊಳ್ಳಿ. ಡಿಸೆಂಬರಿನಲ್ಲಿ ದಕ್ಷಿಣದ ಗೋಡೆಯ ನೆರಳು 2.4 ಮೀಟರ್, 3 ಮೀಟರ್ ತೊಟ್ಟಿಯ ನೆಲದಲ್ಲಿ ಉತ್ತರದ ಅಂಚಿಗೆ ಅರ್ಧ ಮೀಟರಿನಷ್ಟು ಬಿಸಿಲು. ಎರಡು ಮಹಡಿಯಾದರೆ ನೆರಳು 4.9 ಮೀಟರ್: ನೆಲಕ್ಕೆ ಬಿಸಿಲೇ ಇಲ್ಲ, ಎದುರಿನ ಉತ್ತರ ಗೋಡೆಯ ಮೇಲೆ 2.5 ಮೀಟರಿನಿಂದ ಮೇಲಕ್ಕೆ ಬೀಳುತ್ತದೆ. ಮನೆಗಾದರೆ ಇದು ಕೊರತೆ. ಗ್ರಂಥಾಲಯಕ್ಕೆ ಇದು ಅನುಕೂಲ, ಏಕೆಂದರೆ ಪುಸ್ತಕಕ್ಕೂ ಓದುವ ಕಣ್ಣಿಗೂ ನೇರ ಬಿಸಿಲು ಬೇಡ. ಆ ಗೋಡೆಗೆ ಸುಣ್ಣ ಬಳಿದರೆ ಬೆಳಕು ಚದುರಿ ಕೆಳಗಿಳಿಯುತ್ತದೆ. ಮಾರ್ಚಿನಲ್ಲಿ ನೆರಳು 1.5 ಮೀಟರ್, ತೊಟ್ಟಿಯ ಅರ್ಧ ನೆಲಕ್ಕೆ ಬಿಸಿಲು ಬರುತ್ತದೆ. ಗಿಡ ಇಡುವುದಾದರೆ ಉತ್ತರದ ಅರ್ಧದಲ್ಲಿ ಇಡಿ.

ಮೇಲಿನ ಮಹಡಿಯಲ್ಲಿ ಎಷ್ಟು ಜನ ಕೂರಬಹುದು? ಜಗಲಿಯ ಮೇಲೆ ಕಟ್ಟದೆ ಬಿಟ್ಟರೆ, ತೊಟ್ಟಿ ಕಳೆದು 83 ಚ.ಮೀ. ಸಾರ್ವಜನಿಕ ಕಟ್ಟಡದ ಮೆಟ್ಟಿಲು 150 ಮಿ.ಮೀ. ಎತ್ತರ, 300 ಮಿ.ಮೀ. ಅಗಲ, 3.3 ಮೀಟರ್ ಏರಲು 22 ಏರು. ಎರಡು ಮಜಲಾಗಿ, 1.5 ಮೀಟರ್ ಅಗಲಕ್ಕೆ ಹಾಕಿದರೆ 3×6 ಮೀಟರ್, 18 ಚ.ಮೀ. ಅಲ್ಲಿಗೇ ಹೋಯಿತು. ಮನೆಯ ಅಳತೆಯ ಮೆಟ್ಟಿಲು ಎಳೆದು ಜಾಗ ಉಳಿಸಿದ್ದೇನೆ ಎಂದುಕೊಳ್ಳಬೇಡಿ. ಗೋಡೆ, ಓಡಾಟ, ಶೌಚಾಲಯಕ್ಕೆ ಇನ್ನೊಂದು 20 ತೆಗೆದರೆ ಉಳಿದದ್ದು 45. ಒಬ್ಬ ಓದುಗರಿಗೆ ಸುಮಾರು 2.3 ಚ.ಮೀ. ಲೆಕ್ಕದಲ್ಲಿ 19 ಅಥವಾ 20 ಮಂದಿ.

ಬ್ರೀಫ್‌ನಲ್ಲಿ (ನಿಮಗೆ ಕೊಟ್ಟ ಬೇಡಿಕೆಗಳ ಪಟ್ಟಿಯಲ್ಲಿ) 40 ಮಂದಿ ಎಂದಿದ್ದರೆ? ವಾಕ್ಯದ ಪರೀಕ್ಷೆ ಆಗುವುದೇ ಇಲ್ಲಿ. ಸುಲಭದ ದಾರಿ ಜಗಲಿಯ ಮೇಲೂ ಕೋಣೆ ಹಾಕುವುದು. ಅದು ದಿನವಿಡೀ ಓದುವವರನ್ನು ರಸ್ತೆಯ ಹಾರ್ನ್ ಸದ್ದಿಗೆ ತಂದು ಕೂರಿಸುತ್ತದೆ; ವಾಕ್ಯ "ಬೇಡ" ಅನ್ನುತ್ತದೆ. ಇನ್ನೊಂದು ದಾರಿ ಮೂರನೇ ಅಂತಸ್ತು. ಅದನ್ನು ಸುತ್ತಲೂ ಏರಿಸಿದರೆ ಗೋಡೆ 9.9 ಮೀಟರ್ ಆಗಿ, ಮಾರ್ಚಿನಲ್ಲೂ ಮುಕ್ಕಾಲು ಭಾಗ ನೆರಳಾಗಿ ತೊಟ್ಟಿ ಬಾವಿಯಂತಾಗುತ್ತದೆ. ಆದರೆ ಚಳಿಗಾಲದ ನಡುಹಗಲ ಬಿಸಿಲನ್ನು ತಡೆಯುವುದು ದಕ್ಷಿಣದ ಗೋಡೆ ಮಾತ್ರ. ಮೂರನೇ ಅಂತಸ್ತನ್ನು ಉತ್ತರ ಮತ್ತು ಪೂರ್ವದ ಅಂಕಣಗಳ ಮೇಲಷ್ಟೇ ಕಟ್ಟಿ. ಪೂರ್ವದ್ದು ಬೆಳಗಿನ ಬಿಸಿಲನ್ನಷ್ಟೇ ತಡೆಯುತ್ತದೆ. ಮೆಟ್ಟಿಲನ್ನೂ ಉತ್ತರ ಬದಿಗೇ ಇಡಿ. ಅಲ್ಲಿ ಸುಮಾರು 12 ಮಂದಿ ಸಿಗುತ್ತಾರೆ. ಉಳಿದ ಎಂಟು ಕುರ್ಚಿಗಳನ್ನು ನೆಲಮಹಡಿಯ ಪೂರ್ವದ ಅಂಕಣದಲ್ಲಿ, ರಸ್ತೆಯಿಂದ ಅತಿ ದೂರದಲ್ಲಿ ಹಾಕಿ. ಮೆಟ್ಟಿಲು ಹತ್ತಲಾರದ ಓದುಗರಿಗೂ ಸದ್ದಿಲ್ಲದ ಜಾಗ ಸಿಕ್ಕಂತಾಯಿತು. ಕಟ್ಟಡಕ್ಕೊಂದು ಆಕಾರ ಈಗ ಬಂದಿದೆ: ಪಶ್ಚಿಮಕ್ಕೆ ತಗ್ಗು, ಪೂರ್ವಕ್ಕೆ ಎತ್ತರ, ದಕ್ಷಿಣಕ್ಕೆ ತೆರೆದುಕೊಂಡ ಮೆಟ್ಟಿಲಿನಂಥ ಮೈ. ಇದನ್ನು ಯಾವ ಪುಸ್ತಕದಿಂದಲೂ ಎರವಲು ತಂದಿಲ್ಲ.

ತೊಟ್ಟಿಯಿಂದ ಬರುವ ಕಷ್ಟಗಳು ಇನ್ನೆರಡಿವೆ. ಒಂದು, ಸದ್ದು. ತೊಟ್ಟಿ ಕೊಳವೆಯಂತೆ ಕೆಳಗಿನ ಮಾತನ್ನು ಮೇಲಕ್ಕೆ ಒಯ್ಯುತ್ತದೆ. ಪುಸ್ತಕ ಕೊಡುವ ಕೌಂಟರನ್ನು ತೊಟ್ಟಿಯ ಪಕ್ಕ ಇಡದೆ ಜಗಲಿಯ ಬಾಗಿಲಿಗೆ ಹತ್ತಿರ ಇಡಿ, ಮೇಲಿನ ಓದುಮನೆಗಳಿಂದ ತೊಟ್ಟಿಗೆ ತೆರೆಯುವ ಕಡೆ ಗಾಜು ಹಾಕಿ, ಗಾಳಿಯನ್ನು ಹೊರಗೋಡೆಯ ಕಿಟಕಿಗಳಿಂದ ತನ್ನಿ. ಎರಡು, ನೀರು. ತೊಟ್ಟಿಯ ಮೇಲೆ ನೇರ ಬೀಳುವ 100 ಮಿ.ಮೀ. ಮಳೆ ಎಂದರೆ 1,200 ಲೀಟರ್. ಹಳೆಯ ತೊಟ್ಟಿಮನೆಯಂತೆ ಚಾವಣಿಯನ್ನೂ ಒಳಕ್ಕೆ ಇಳಿಸಿದರೆ ಅದೇ ಮಳೆಗೆ 9,500 ಲೀಟರ್ ತೊಟ್ಟಿಗೆ ಸುರಿಯುತ್ತದೆ. ನೀರಿನ ಚೆಲುವು ಬೇಕೆಂದರೆ ಒಳಕ್ಕೆ ಇಳಿಸಿ, ಆದರೆ ತೊಟ್ಟಿಯ ನೆಲವನ್ನು 150 ಮಿ.ಮೀ. ತಗ್ಗಿಸಿ, ಹೊರಹೋಗುವ ಪೈಪ್ ಎರಡಾದರೂ ತೋರಿಸಿ, ನೀರು ಸೇರುವ ಸಂಪನ್ನು ಪ್ಲಾನ್‌ನಲ್ಲಿ ಗುರುತಿಸಿ. ಒಂದೇ ಪೈಪ್ ಇದ್ದು ಅದಕ್ಕೆ ಎಲೆ ಕಟ್ಟಿಕೊಂಡರೆ ನೀರು ಕಪಾಟಿನ ಕಾಲಿಗೆ ಬರುತ್ತದೆ.

ಇಷ್ಟನ್ನೂ 1:100 ಮಾಡೆಲ್ ಮಾಡಿ ನೋಡಿ. ಸೈಟು 12×18 ಸೆಂ.ಮೀ. ಆಗುತ್ತದೆ, 2 ಮಿ.ಮೀ. ಬೋರ್ಡು ಗೋಡೆಯ ದಪ್ಪಕ್ಕೆ ಸರಿಹೋಗುತ್ತದೆ. ಮಹಡಿಗಳನ್ನು ಅಂಟಿಸಬೇಡಿ, ಎತ್ತಿಡುವಂತಿರಲಿ. 13 ಡಿಗ್ರಿ ಅಕ್ಷಾಂಶದ ಕಾಗದದ ನೆರಳುಗಡಿಯಾರವನ್ನು ಉತ್ತರಕ್ಕೆ ಸರಿಹೊಂದಿಸಿ ಮಾಡೆಲ್ ಪಕ್ಕ ಅಂಟಿಸಿ ಬಿಸಿಲಿಗೆ ಒಯ್ಯಿರಿ. ಕಡ್ಡಿಯ ನೆರಳು ನಿಮಗೆ ಬೇಕಾದ ತಿಂಗಳು, ಗಂಟೆಯ ಗೆರೆಗೆ ಬೀಳುವವರೆಗೆ ಇಡೀ ಹಲಗೆಯನ್ನು ವಾಲಿಸಿ, ತೊಟ್ಟಿಯ ಫೋಟೋ ತೆಗೆಯಿರಿ. ಬೆಂಗಳೂರಿನಲ್ಲಿ ಸೂರ್ಯನ ನಡುಹಗಲು ಗಡಿಯಾರದ 12ಕ್ಕಲ್ಲ, 12:20ರ ಆಸುಪಾಸು ಬರುತ್ತದೆ ಎಂಬುದು ನೆನಪಿರಲಿ.

ಜ್ಯೂರಿಯ ದಿನ ಮೊದಲ ಶೀಟಿನಲ್ಲಿ ಆ ಒಂದು ವಾಕ್ಯ, ನೀವು ಬರೆದುಕೊಂಡ ನಾಲ್ಕು ಕಲಮಿನ ಪಟ್ಟಿ, ತೊಟ್ಟಿಯನ್ನು ಉತ್ತರ-ದಕ್ಷಿಣಕ್ಕೆ ಸೀಳಿದ ಸೆಕ್ಷನ್‌ನಲ್ಲಿ ಡಿಸೆಂಬರ್, ಮಾರ್ಚ್, ಜೂನ್‌ಗಳ ಮೂರು ಬಿಸಿಲ ಗೆರೆ ಇಡಿ. ಪಕ್ಕದಲ್ಲಿ, ಜಗಲಿಯ ಮೇಲೆ ಕೋಣೆ ಇದ್ದ ಹಳೆಯ ಪ್ಲಾನನ್ನು ಸಣ್ಣದಾಗಿ ಅಂಟಿಸಿ, ಅದನ್ನು ಏಕೆ ಬಿಟ್ಟಿರಿ ಎಂದು ಒಂದು ಸಾಲು ಬರೆಯಿರಿ. "ಕಾನ್ಸೆಪ್ಟ್ ಏನು?" ಎಂದು ಕೇಳಿದಾಗ ಬೆರಳು ಮೊದಲು ಆ ಬಿಟ್ಟ ಪ್ಲಾನಿನ ಮೇಲೆ ಇಟ್ಟು ಮಾತು ಶುರುಮಾಡಿ.