ಗ್ಯಾಸಿಗಿಂತ ಮೊದಲು ಎಣ್ಣೆ

‘ಸಾರ್, ಹಳೇ ಗ್ಯಾಸ್ ತೆಗೆದು ಪರಿಸರಕ್ಕೆ ಒಳ್ಳೇದಾದ್ದು ತುಂಬಿಕೊಡಿ’ ಎಂದು ಹೂವಿನ ಕೋಲ್ಡ್ ರೂಮ್ ನಡೆಸುವವರೊಬ್ಬರು ಫೋನ್ ಮಾಡಿದ್ದರು. ಸೆಮಿ-ಹರ್ಮೆಟಿಕ್ ಕಂಪ್ರೆಸರ್ (ಮೋಟರೂ ಒಳಗೇ ಇದ್ದು, ಬೋಲ್ಟ್ ಬಿಚ್ಚಿ ರಿಪೇರಿ ಮಾಡಬಹುದಾದದ್ದು), ಒಳಗೆ ತಂಪು ಮಾಡುವ ಹಳೇ ಗ್ಯಾಸ್ ಆರ್-22. ಅಡುಗೆಮನೆಯ ಸಿಲಿಂಡರ್ ಬದಲಿಸಿದಷ್ಟೇ ಕೆಲಸ ಅಂದುಕೊಂಡಿದ್ದರು.

ಕಂಪ್ರೆಸರಿನ ಎಣ್ಣೆ ಒಳಗೇ ಕೂರುವುದಿಲ್ಲ. ಒಂದಷ್ಟು ಗ್ಯಾಸಿನ ಜೊತೆ ಪೈಪು ಸುತ್ತಿ ವಾಪಸ್ ಬರುತ್ತದೆ. ಆರ್-22 ಜೊತೆ ಮಿನರಲ್ ಆಯಿಲ್, ಅಂದರೆ ಪೆಟ್ರೋಲಿಯಂನಿಂದ ಬರುವ ಹಳೇ ಬಗೆಯ ಎಣ್ಣೆ, ಚೆನ್ನಾಗಿ ಬೆರೆಯುತ್ತದೆ. ಆರ್-22ರ ಜಾಗಕ್ಕೆ ಬರುವ ಆರ್-407ಸಿ ಗ್ಯಾಸಿನ ಜೊತೆ ಆ ಎಣ್ಣೆ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಕೋಣೆ ತಂಪು ಮಾಡುವ ಪೈಪಿನ ಸುರುಳಿಯಲ್ಲೇ (ಕಾಯಿಲ್) ಉಳಿದು, ಇತ್ತ ಬೇರಿಂಗು ಒಣಗಿ ಕಂಪ್ರೆಸರ್ ಜಾಮ್ ಆಗುತ್ತದೆ. ಹಾಗಾಗಿ ಪಿಒಇ ಎಂಬ ಎಸ್ಟರ್ ಎಣ್ಣೆ ಬೇಕು.

ಅದನ್ನು ಹಾಕುವುದಕ್ಕೂ ಒಂದು ಕ್ರಮವಿದೆ. ಹಳೇ ಗ್ಯಾಸ್ ಇರುವಾಗಲೇ ಮಿನರಲ್ ಆಯಿಲ್ ಇಳಿಸಿ ಪಿಒಇ ಹಾಕಬೇಕು. ಆರ್-22 ಎರಡೂ ಎಣ್ಣೆಗಳ ಜೊತೆ ಹೊಂದಿಕೊಳ್ಳುತ್ತದೆ. ಯಂತ್ರ ಓಡಿಸಿ, ಮತ್ತೆ ಇಳಿಸಿ, ಮತ್ತೆ ಹಾಕಿ. ಸಾಮಾನ್ಯವಾಗಿ ಮೂರು ಸಲವಾದರೆ ಹಳೇ ಎಣ್ಣೆ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಗ್ಯಾಸ್ ತೆಗೆಯುವುದು ಆಮೇಲೆ, ಅದೂ ರಿಕವರಿ ಸಿಲಿಂಡರಿಗೆ, ಗಾಳಿಗಲ್ಲ. ಪಿಒಇ ಡಬ್ಬಿ ತೆರೆದಿಟ್ಟು ಟೀಗೆ ಹೋಗುವ ಹುಡುಗರಿಗೆ ನಾನು ಬೈಯುವುದುಂಟು. ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರಿದರೆ ಆಮ್ಲವಾಗಿ ಮೋಟರಿನ ವೈಂಡಿಂಗ್ ತಿನ್ನುತ್ತದೆ. ತೇವ ಹಿಡಿಯುವ ಹೊಸ ಡ್ರೈಯರ್, ಪಂಪಿನಿಂದ ಪೈಪಿನೊಳಗಿನ ಗಾಳಿ-ತೇವ ಎಳೆದು ಒತ್ತಡವನ್ನು 500 ಮೈಕ್ರಾನಿಗೆ ಇಳಿಸುವ ವ್ಯಾಕ್ಯೂಮ್, ಎರಡರಲ್ಲೂ ರಾಜಿಯಿಲ್ಲ.

ಇಷ್ಟೆಲ್ಲ ಮಾಡಿದರೂ ಹದಿನೈದು ದಿನಕ್ಕೆ ಅಲ್ಲಿಂದ ಫೋನ್ ಬಂತು: ಲೀಕ್. ವರ್ಷಗಟ್ಟಲೆ ಆರ್-22 ಹೀರಿ ಉಬ್ಬಿದ್ದ ಓ-ರಿಂಗುಗಳು, ಅಂದರೆ ಜೋಡಣೆಗಳ ರಬ್ಬರ್ ಬಳೆಗಳು, ಹೊಸ ಗ್ಯಾಸಿನಲ್ಲಿ ಕುಗ್ಗಿದ್ದವು. ಮೊದಲೇ ಬದಲಿಸಬೇಕಿತ್ತು, ತಪ್ಪು ನನ್ನದೇ. ಆರ್-407ಸಿ ಮೂರು ಗ್ಯಾಸುಗಳ ಮಿಶ್ರಣ ಬೇರೆ. ಸೋರುವಾಗ ಮೂರೂ ಒಂದೇ ಪ್ರಮಾಣದಲ್ಲಿ ಸೋರುವುದಿಲ್ಲ. ಇದ್ದದ್ದನ್ನೆಲ್ಲ ತೆಗೆದು, ಹೊಸದನ್ನು ದ್ರವರೂಪದಲ್ಲೇ ತೂಕ ಹಾಕಿ ತುಂಬಿದೆವು.

ಇನ್ನು ‘ಪರಿಸರಸ್ನೇಹಿ’ ಎಂಬ ಮಾತು. ಓಝೋನಿನ ಮಟ್ಟಿಗೆ ನಿಜ, ಆರ್-407ಸಿ ಅದಕ್ಕೆ ಹಾನಿ ಮಾಡುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವ ಶಕ್ತಿ, ಇಂಗಾಲದ ಡೈಆಕ್ಸೈಡನ್ನು 1 ಎಂದಿಟ್ಟರೆ, ಆರ್-22ಕ್ಕೆ ಸುಮಾರು 1,810, ಇದಕ್ಕೆ 1,770ರ ಆಸುಪಾಸು. ಓಝೋನ್ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದಂತೆ 2030ರ ಹೊತ್ತಿಗೆ ನಮ್ಮಲ್ಲಿ ಆರ್-22 ಬಹುತೇಕ ನಿಲ್ಲಬೇಕಿರುವುದರಿಂದ ಈ ಬದಲಾವಣೆಗೆ ಅರ್ಥವಿದೆ, ಅಷ್ಟೆ. ಲೀಕ್ ನಿಲ್ಲಿಸಿದರೆ ಹವಾಮಾನಕ್ಕೆ ಇದಕ್ಕಿಂತ ಹೆಚ್ಚು ಉಪಕಾರ.

ಹಾಗಾದರೆ ಪ್ರೊಪೇನ್? ಅದರ ಅಂಕಿ ಬರೀ 3. ಒತ್ತಡವೂ ಆರ್-22ರ ಹತ್ತಿರವೇ, ಮಿನರಲ್ ಆಯಿಲೂ ಸಾಕು. ಅದಕ್ಕೇ ಕೆಲವರು ಕದ್ದುಮುಚ್ಚಿ ತುಂಬುತ್ತಾರೆ. ಕೋಣೆಯ ಗಾಳಿಯಲ್ಲಿ ಶೇ. 2ರಷ್ಟು ಸೇರಿದರೆ ಹೊತ್ತಿಕೊಳ್ಳುವ ಗ್ಯಾಸದು. ಹಳೇ ಯಂತ್ರದ ರಿಲೇಯ ಒಂದು ಕಿಡಿ ಸಾಕು. ಅದಕ್ಕೆಂದೇ ಕಟ್ಟಿದ ಹೊಸ ಯಂತ್ರವಾದರೆ ನಾನೇ ಶಿಫಾರಸು ಮಾಡುತ್ತೇನೆ. ಅಮೋನಿಯಾದ ಅಂಕಿ ಸೊನ್ನೆ, ಮೀನಿನ ಬಂದರುಗಳ ಐಸ್ ಪ್ಲಾಂಟ್ ಕಂಡವರಿಗೆ ಅದರ ಘಾಟು ಗೊತ್ತು. ಆದರೆ ತಾಮ್ರವನ್ನು ತಿಂದುಹಾಕುತ್ತದೆ, ನಮ್ಮ ಪೈಪೆಲ್ಲ ತಾಮ್ರ.

ಹೂವಿನವರಿಗೆ ಬಿಲ್ ಕೊಟ್ಟಾಗ ಗ್ಯಾಸಿಗಿಂತ ಎಣ್ಣೆಯ ಲೆಕ್ಕವನ್ನೇ ಎರಡು ಸಲ ಓದಿದರು. ಮುಂದಿನ ಕೋಣೆಗೆ ಹಳೇ ಕಂಪ್ರೆಸರ್ ಹುಡುಕುತ್ತಿದ್ದವರು ಈಗ ಹೊಸದರ ದರ ಕೇಳುತ್ತಿದ್ದಾರೆ.